ಕರುವಿನ ಹಗ್ಗ

ನಮ್ಮ ಕಡೆ ಹುಡುಗನೊಬ್ಬ ದೊಡ್ಡವನಾದನೆಂಬುದನ್ನು ವಯಸ್ಸಿನಿಂದ ಎಣಿಸುತ್ತಿರಲಿಲ್ಲ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ — ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಮಕ್ಕಳು ಹುಟ್ಟಿದ ತಾರೀಖನ್ನು ಬರೆದಿಟ್ಟವರು ಯಾರಿದ್ದರು? ಅದು ಕಾಗದಕ್ಕೆ ಏರುತ್ತಿದ್ದುದು ಶಾಲೆಗೆ ಸೇರಿಸಿದ ದಿನ. ಅದೂ ಮೇಷ್ಟರು ಹುಡುಗನ ಮುಖ ನೋಡಿ ಅಂದಾಜಿನ ಮೇಲೆ ಹಾಕಿದ ತಾರೀಖು. ಆದರೆ ಯಾವ ಹುಡುಗನ ಕೈಗೆ ಏನನ್ನು ಒಪ್ಪಿಸಬಹುದು ಎಂಬ ಲೆಕ್ಕ ಮಾತ್ರ ಪ್ರತಿಯೊಂದು ಮನೆಯಲ್ಲೂ ಇತ್ತು. ಮೊದಲು ಕರುವಿನ ಹಗ್ಗ. ಅದು ಸರಿಹೋದರೆ ಹಸುವಿನ ಹಗ್ಗ. ಆಮೇಲೆ ಅಂಗಡಿಯಿಂದ ಎಣ್ಣೆ ತರುವುದಕ್ಕೆ ಕಾಸು. ಆಮೇಲೆ ರಾಗಿಯ ಕಣದಲ್ಲಿ ರಾತ್ರಿಯ ಕಾವಲು. ಕೊನೆಗೆ ಒಬ್ಬನೇ ಸಂತೆಗೆ ಹೋಗಿ, ಕುರಿ ಮಾರಿ, ಹಣ ಎಣಿಸಿಕೊಂಡು ಬರುವುದು. ಅಷ್ಟಾದರೆ ಮನೆಯವರು, 'ಇನ್ನು ಇವನು ಆದ' ಎನ್ನುತ್ತಿದ್ದರು. ಏನಾದ ಎಂದು ಯಾರೂ ಕೇಳುತ್ತಿರಲಿಲ್ಲ.

ಈ ಹಳೆಯ ಲೆಕ್ಕ ನನಗೆ ಈಗ ನೆನಪಾದದ್ದಕ್ಕೆ ಕಾರಣ ನನ್ನ ಮೊಮ್ಮಗಳು. ಬೆಂಗಳೂರಿನಲ್ಲಿ ಓದುತ್ತಿರುವ ಅವಳು ಈ ಬೇಸಿಗೆಯ ರಜೆಯಲ್ಲಿ ಸ್ಟೀವನ್‌ಸನ್ನನ 'ಟ್ರೆಷರ್ ಐಲೆಂಡ್' ಪುಸ್ತಕವನ್ನು ಹಿಡಿದುಕೊಂಡು ಬಂದಿದ್ದಳು. 1883ರಲ್ಲಿ ಪುಸ್ತಕವಾಗಿ ಹೊರಬಂದ ಈ ಕಡಲುಗಳ್ಳರ ಕಥೆಯನ್ನು ಓದುಗರಲ್ಲಿ ಅನೇಕರು ಬಲ್ಲರು. ಜಿಮ್ ಹಾಕಿನ್ಸ್ ಎಂಬ ಹುಡುಗ ಕಡಲುಗಳ್ಳರ ಕೈಗೆ ಸಿಕ್ಕಿಬೀಳುತ್ತಾನೆ. ಅವರ ಮುಖಂಡ, ಒಂಟಿಕಾಲಿನ ಸಿಲ್ವರ್. ಓಡಿಹೋಗುವುದಿಲ್ಲವೆಂದು ಹುಡುಗನಿಂದ ಮಾತು ತೆಗೆದುಕೊಂಡು, ಬೇಲಿಯ ಆಚೆಗೆ ಬಂದು ನಿಂತಿರುವ ಡಾಕ್ಟರನೊಡನೆ ಮಾತನಾಡಲು ಸಿಲ್ವರ್ ಅವನನ್ನು ಬಿಡುತ್ತಾನೆ. ಡಾಕ್ಟರನು, 'ಬೇಲಿ ಹಾರು, ಇಬ್ಬರೂ ಓಡೋಣ' ಎಂದು ಒತ್ತಾಯಿಸುತ್ತಾನೆ. ಹುಡುಗ ಒಪ್ಪುವುದಿಲ್ಲ. ಮಾತು ಕೊಟ್ಟಿದ್ದೇನೆ ಎನ್ನುತ್ತಾನೆ.

"ತಾತ, ಅವರು ಕಳ್ಳರು ತಾನೆ? ಕಳ್ಳರಿಗೆ ಕೊಟ್ಟ ಮಾತನ್ನು ಯಾಕೆ ಉಳಿಸಿಕೊಳ್ಳಬೇಕು?" ಎಂದು ಅವಳು ಕೇಳಿದಳು.

"ಪುಣ್ಯಕೋಟಿಯೂ ಹುಲಿಗೆ ಮಾತು ಕೊಟ್ಟಿದ್ದಳಲ್ಲಮ್ಮ" ಎಂದೆ.

"ಅದು ಹಾಡು" ಎಂದಳು ಅವಳು, ಹಾಡಿಗೂ ಕಥೆಗೂ ನ್ಯಾಯ ಬೇರೆ ಎನ್ನುವ ಹಾಗೆ.

ನಾನು ಸುಮ್ಮನಾದೆ. ಆದರೆ ಪ್ರಶ್ನೆ ಸುಮ್ಮನಾಗಲಿಲ್ಲ. ಮಕ್ಕಳಿಗೆಂದು ಲೋಕ ಕಾಪಾಡಿಕೊಂಡು ಬಂದಿರುವ ಕಥೆಗಳಲ್ಲಿ 'ದೊಡ್ಡವರಾಗುವುದು' ಎಂದರೆ ಏನು? ಒಬ್ಬರ ನಂಬಿಕೆಗೆ ಪಾತ್ರರಾಗುವುದು ಎಂದರೆ ಏನು? ನಮ್ಮ ಗೋವಿನ ಹಾಡು ಈ ವಿಷಯದಲ್ಲಿ ಏನು ಹೇಳುತ್ತದೆ? ಇದನ್ನು ವಿಚಾರಿಸುತ್ತ ಹೋದಾಗ ನಾನು ಬಂದು ನಿಂತದ್ದು ನನ್ನದೇ ಬಾಲ್ಯದ ಒಂದು ಕತ್ತಾಳೆಯ ಹಗ್ಗದ ಮುಂದೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಹಾಡಿನ ಮಾತು. ಕನ್ನಡಿಗರ ಮನೆಗಳಲ್ಲಿ ಇಷ್ಟು ಪರಿಚಿತವಾದ ಕಥೆ ಇನ್ನೊಂದಿಲ್ಲ. ಕಾಳಿಂಗನೆಂಬ ಗೊಲ್ಲ; ಅವನ ಹಿಂಡಿನಲ್ಲಿ ಪುಣ್ಯಕೋಟಿಯೆಂಬ ಹಸು; ಹಸಿದು ಕಾದಿರುವ ಅರ್ಬುತನೆಂಬ ಹುಲಿ. ಹಿಂಡು ಚೆದರಿ ಓಡಿದಾಗ, ಕರುವನ್ನು ನೆನೆಯುತ್ತ ಬಂದ ಪುಣ್ಯಕೋಟಿ ಹುಲಿಗೆ ಸಿಕ್ಕುತ್ತಾಳೆ. ಕಂದನಿಗೆ ಹಾಲುಣಿಸಿ ಹಿಂದಿರುಗಿ ಬರುವೆನೆಂದು ಬೇಡುತ್ತಾಳೆ, ಹಾಗೆಯೇ ಬರುತ್ತಾಳೆ. ಹುಲಿ ಅವಳನ್ನು ತಿನ್ನಲಾರದೆ ತಾನೇ ಪ್ರಾಣ ಬಿಡುತ್ತದೆ. ಹಾಡಿದ ಕವಿ ತನ್ನ ಅಂಕಿತವನ್ನು ಇಟ್ಟಿಲ್ಲ. ತಾಯಂದಿರ ಬಾಯಲ್ಲಿ ಉಳಿದು, ಶಾಲೆಯ ಪಠ್ಯಪುಸ್ತಕಕ್ಕೆ ಬಂದು, ಅಲ್ಲಿಂದ ಪಂಡಿತರ ಮೇಜಿಗೂ ಅದು ಏರಿತು. 'ವಡ್ಡಾರಾಧನೆ'ಯಂಥ ಪ್ರಾಚೀನ ಗದ್ಯಗ್ರಂಥವನ್ನು ಶೋಧಿಸಿ ಸಂಪಾದಿಸಿದ ಡಿ. ಎಲ್. ನರಸಿಂಹಾಚಾರ್ಯರು ಗೋವಿನ ಹಾಡನ್ನೂ ಸಂಪಾದಿಸಿದರು. 1906ರಲ್ಲಿ ನಮ್ಮ ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿಯಲ್ಲಿಯೇ ಹುಟ್ಟಿದವರು ಅವರು. ಹಳಗನ್ನಡದ ಗಟ್ಟಿ ಕಾಳನ್ನು ಅಗಿದವರು ಈ ಹಾಡನ್ನು ಎಳೆಯರ ಪಾಲಿನದೆಂದು ಬದಿಗೆ ಸರಿಸಲಿಲ್ಲವೆಂಬುದು ಗಮನಿಸಬೇಕಾದ ಸಂಗತಿ.

ಕಥೆಯ ಬೇರು ಹಳೆಯದು. ಪದ್ಮಪುರಾಣದ ಸೃಷ್ಟಿಖಂಡದಲ್ಲಿ ನಂದಾ ಎಂಬ ಹಸುವಿನ ವೃತ್ತಾಂತವಿದೆ. ಉತ್ತರ ಹಿಂದೂಸ್ಥಾನದಲ್ಲಿ ಬಹುಲಾ ಎಂಬ ಹಸುವಿನ ಹೆಸರಿನಲ್ಲಿ ಇದೇ ಕಥೆ ಚೌತಿಯ ವ್ರತವಾಗಿ ನಡೆದುಬಂದಿದೆ. ಬೌದ್ಧರ ಜಾತಕಕಥೆಗಳಲ್ಲಿ ಸುತಸೋಮನೆಂಬ ಅರಸು ನರಭಕ್ಷಕನಿಗೆ ಮಾತು ಕೊಟ್ಟು ಹೋಗಿ ಹಿಂದಿರುಗಿ ಬರುತ್ತಾನೆ. ಗ್ರೀಕರಲ್ಲಿ ಡೇಮನ್ ಮತ್ತು ಪಿಥಿಯಸ್ ಗೆಳೆಯರ ಕಥೆ ಇದ್ದೇ ಇದೆ. ಮಾತು ಕೊಟ್ಟು ಮೃತ್ಯುವಿನ ಬಾಯಿಗೆ ಹಿಂದಿರುಗುವ ಸಂಗತಿ ಒಂದು ನಾಡಿನ ಸ್ವತ್ತಲ್ಲ. ಆದರೆ ಒಂದೇ ಕಥೆಯನ್ನು ಬೇರೆ ಬೇರೆ ಜನ ಹೇಳುವಾಗ ಏನನ್ನು ಬಿಡುತ್ತಾರೆ, ಏನನ್ನು ಸೇರಿಸುತ್ತಾರೆ ಎಂಬುದರಲ್ಲಿ ಆ ಜನದ ಮನಸ್ಸು ಕಾಣುತ್ತದೆ.

ಪುರಾಣದ ಹುಲಿ ನಿಜವಾದ ಹುಲಿಯಲ್ಲ. ಪ್ರಭಂಜನನೆಂಬ ಅರಸು, ಮರಿಗೆ ಹಾಲೂಡಿಸುತ್ತಿದ್ದ ಹೆಣ್ಣುಜಿಂಕೆಯನ್ನು ಬಾಣದಿಂದ ಹೊಡೆದು, ಅದರ ಶಾಪದಿಂದ ಹುಲಿಯಾಗಿದ್ದವನು. ನಂದೆಯ ಹೆಸರು ಕಿವಿಗೆ ಬಿದ್ದೊಡನೆ ಅವನಿಗೆ ಶಾಪವಿಮೋಚನೆ. ಎಲ್ಲವೂ ಮೊದಲೇ ಗೊತ್ತಾದ ಲೆಕ್ಕ. ನಮ್ಮ ಹಾಡು ಈ ಶಾಪವನ್ನು ಕೈಬಿಟ್ಟಿತು. ಅರ್ಬುತನು ಅರಸನಲ್ಲ, ಶಾಪಗ್ರಸ್ತನಲ್ಲ; ಹಸಿದ ಹುಲಿ, ಅಷ್ಟೇ. ಅವನನ್ನು ತಿದ್ದುವುದಕ್ಕೆ ಯಾವ ದೇವತೆಯೂ ಇಳಿದು ಬರುವುದಿಲ್ಲ. ಹಸು ಆಡಿದ ಮಾತಿನಂತೆ ನಡೆದುದನ್ನು ಕಣ್ಣಾರೆ ಕಂಡು ಅವನ ಒಳಗೇ ಏನೋ ಒಡೆಯುತ್ತದೆ. ಪವಾಡವನ್ನು ತೆಗೆದುಹಾಕಿ ಅದರ ಜಾಗದಲ್ಲಿ ಮನಸ್ಸಾಕ್ಷಿಯನ್ನು ಕೂರಿಸಿದ ಆ ಹೆಸರಿಲ್ಲದ ಕನ್ನಡ ಕವಿಯ ಧೈರ್ಯವನ್ನು ನಾವು ಸಾಕಷ್ಟು ಕೊಂಡಾಡಿಲ್ಲ.

ಇನ್ನೊಂದು ಸಂಗತಿ. ಹುಲಿ ಮೊದಲಿಗೆ ನಂಬುವುದಿಲ್ಲ. ಏಕೆ ನಂಬಬೇಕು? ಹಸುವಿನ ಬಳಿ ಒತ್ತೆಯಿಡಲು ಏನೂ ಇಲ್ಲ. ಜಾಮೀನು ನಿಲ್ಲುವವರಿಲ್ಲ. ಅವಳು ಸತ್ಯವನ್ನೇ ತನ್ನ ಬಂಧುಬಳಗವೆಂದು ಹೆಸರಿಸಿ ಆಣೆಯಿಡುತ್ತಾಳೆ, ಹುಲಿ ಬಿಡುತ್ತದೆ. ನಮ್ಮ ಕಡೆಯ ಮಾತಿನಲ್ಲಿ ಹೇಳಬೇಕಾದರೆ ಇದು ಅಡವಿಲ್ಲದ ಸಾಲ. ನಾವು ಸಾಮಾನ್ಯವಾಗಿ, 'ಮೊದಲು ಯೋಗ್ಯತೆ ತೋರಿಸು, ಆಮೇಲೆ ನಂಬುತ್ತೇನೆ' ಎನ್ನುತ್ತೇವೆ. ಲೋಕದ ವ್ಯವಹಾರವೂ ಹಾಗೆಯೇ ನಡೆಯುತ್ತದೆ. ಆದರೆ ಮಕ್ಕಳನ್ನು ಬೆಳೆಸುವ ಮನೆಯಲ್ಲಿ ಅದು ತಿರುಗುಮುರುಗಾಗಿರುತ್ತದೆ. ಯೋಗ್ಯತೆ ಇನ್ನೂ ಇಲ್ಲದಿರುವಾಗಲೇ ಹಗ್ಗವನ್ನು ಕೈಗೆ ಕೊಡಬೇಕಾಗುತ್ತದೆ. ಕೊಟ್ಟ ಮೇಲೆ ಅದು ಬಂದರೆ ಬಂದೀತು.

ನನ್ನ ಕೈಗೆ ಹಗ್ಗ ಬಂದದ್ದು 1961ರಲ್ಲಿ, ನನ್ನ ಒಂಬತ್ತನೆಯ ವಯಸ್ಸಿನಲ್ಲಿ. ನಮ್ಮದು ಮಧುಗಿರಿ ತಾಲ್ಲೂಕಿನ ಒಂದು ಹಳ್ಳಿ. ಮನೆಯಲ್ಲಿ ಒಂದು ಕೆಂದ ಹಸು, ಅದರ ಮೂರು ತಿಂಗಳ ಹೆಣ್ಣುಕರು. ಹಗ್ಗ ಹೊಸೆದವಳು ನನ್ನ ಅಜ್ಜಿ, ಕತ್ತಾಳೆಯ ನಾರಿನಿಂದ. ಮಧ್ಯಾಹ್ನ ಕರುವನ್ನು ಕೆರೆಯ ಅಂಗಳಕ್ಕೆ ಹೊಡೆದುಕೊಂಡು ಹೋಗಿ ಮೇಯಿಸಿ, ಹಸು ಹಿಂಡಿನಿಂದ ಮರಳುವ ಹೊತ್ತಿಗೆ ಕೊಟ್ಟಿಗೆಗೆ ತರುವುದು ನನ್ನ ಕೆಲಸ. ಎಂಟು ದಿನ ನೆಟ್ಟಗೆ ಮಾಡಿದೆ. ಒಂಬತ್ತನೆಯ ದಿನ ಕೆರೆಯ ಅಂಗಳದಲ್ಲಿ ಹುಡುಗರು ಚಿಣ್ಣಿದಾಂಡು ಹೂಡಿದ್ದರು. ಹಗ್ಗವನ್ನು ಒಂದು ಜಾಲಿಯ ಗಿಡಕ್ಕೆ ಸುತ್ತಿ ಆಟಕ್ಕೆ ಸೇರಿದೆ. ಆಟ ಮುಗಿದಾಗ ಗಿಡದ ಬುಡದಲ್ಲಿ ಹಗ್ಗವಿತ್ತು, ಕರು ಇರಲಿಲ್ಲ. ಕತ್ತಿನ ಕುಣಿಕೆಯನ್ನು ನಾನೇ ಸಡಿಲವಾಗಿ ಹಾಕಿದ್ದೆ.

ಬಂಡೆಗಳ ಸಂದು, ಲಂಟಾನದ ಪೊದೆ, ಬತ್ತಿದ ಹಳ್ಳ — ಎಲ್ಲ ಕಡೆ ಹುಡುಕಿದೆ. ಹೊತ್ತು ಮುಳುಗಿತು. ನಮ್ಮ ಕಡೆಯ ಗುಡ್ಡಗಳಲ್ಲಿ ಚಿರತೆ, ಕರಡಿಗಳಿವೆ, ಇಂದಿಗೂ ಇವೆ. ಭಯ ಹುಟ್ಟಿತು. ಚಿರತೆಯದಲ್ಲ, ಅಜ್ಜಿಯದು. ಆಗ ಮಾಡಿದ ಕೆಲಸವನ್ನು ಅರವತ್ತು ವರ್ಷಗಳ ಮೇಲೂ ಬರೆಯಲು ಕೈ ಹಿಂಜರಿಯುತ್ತದೆ. ಹಗ್ಗದ ತುದಿಯನ್ನು ಒಂದು ಒರಟು ಕಲ್ಲಿನ ಮೇಲೆ ತಿಕ್ಕಿ ತಿಕ್ಕಿ ಹರಿದೆ. ಕುಣಿಕೆಯ ತುಂಡನ್ನು ಪೊದೆಯೊಳಕ್ಕೆ ಎಸೆದೆ. ಮನೆಗೆ ಬಂದು, "ಹಗ್ಗ ಕಿತ್ತುಕೊಂಡು ಓಡಿಹೋಯಿತು" ಎಂದೆ.

ಅಜ್ಜಿ ಹಗ್ಗವನ್ನು ಕೈಯಲ್ಲಿ ಹಿಡಿದು ನೋಡಿದಳು. "ನಂದೇ ತಪ್ಪು ಕಣಪ್ಪ, ಹಳೇ ನಾರಿನಲ್ಲಿ ಹೊಸೆದಿದ್ದೆ" ಎಂದಳು. ಬೈದಿದ್ದರೆ, ಹೊಡೆದಿದ್ದರೆ ನಾನು ಇದನ್ನು ಎಂದೋ ಮರೆತಿರುತ್ತಿದ್ದೆ. ಲಾಟೀನು ಹಿಡಿದು ಆ ಮುದುಕಿ ಕೆರೆಯ ಏರಿಯ ಮೇಲೆ ಕರುವನ್ನು ಕೂಗುತ್ತ ಹೋದಳು. ಕೊಟ್ಟಿಗೆಯಲ್ಲಿ ಹಸು ರಾತ್ರಿಯೆಲ್ಲ ಅಂಬಾ ಎನ್ನುತ್ತಲೇ ಇತ್ತು. ಹಾಲು ಇಳಿಸಲಿಲ್ಲ.

ಓದುಗರು ಕ್ಷಮಿಸಬೇಕು; ಕಥೆಯನ್ನು ಇಲ್ಲಿ ನಿಲ್ಲಿಸಿ, ಪುಸ್ತಕಗಳ ಕಡೆಗೆ ತಿರುಗುತ್ತೇನೆ. ಏಕೆಂದರೆ ಪುಸ್ತಕಗಳೂ ಇಂಥ ಹುಡುಗರ ಮಾತನ್ನೇ ಆಡುತ್ತವೆ.

ಇಟಲಿಯ ಕೊಲ್ಲೋಡಿ ಬರೆದ ಪಿನೋಕ್ಯೋ ಎಂಬ ಮರದ ಬೊಂಬೆಯ ಕಥೆಯೂ 'ಟ್ರೆಷರ್ ಐಲೆಂಡ್' ಹೊರಬಂದ 1883ರಲ್ಲೇ ಪುಸ್ತಕವಾಯಿತು. ಸುಳ್ಳು ಹೇಳಿದರೆ ಮೂಗು ಬೆಳೆಯುವ ಭಾಗವೇ ನಮಗೆಲ್ಲ ನೆನಪಿರುವುದು. ಆದರೆ ಬೊಂಬೆಯು ನಿಜವಾದ ಹುಡುಗನಾದದ್ದು ಮೂಗು ಬೆಳೆದುದರಿಂದಲ್ಲ. ಸೋತು ಕಾಯಿಲೆಬಿದ್ದ ತಂದೆಗೆ ಹಾಲು ತರುವುದಕ್ಕಾಗಿ ದಿನವೂ ಮೈಮುರಿದು ದುಡಿದುದರಿಂದ. ಮಾತು ಕೊಡುವುದು ಅವನಿಗೆ ಕಥೆಯುದ್ದಕ್ಕೂ ಸುಲಭ. ನಡೆಸುವುದು ಕೊನೆಗೆ ಮಾತ್ರ ಬರುತ್ತದೆ.

ಕಿಪ್ಲಿಂಗನ 'ಜಂಗಲ್ ಬುಕ್' 1894ರದು. ಅಲ್ಲಿ ಕಾಡಿನ ತೋಳಗಳ ಗುಂಪಿಗೆ ಮೌಗ್ಲಿಯನ್ನು ಸೇರಿಸಿಕೊಳ್ಳುವುದಕ್ಕೆ ಬಘೀರಾ ಎಂಬ ಕರಿಚಿರತೆ ಒಂದು ಹೋರಿಯನ್ನು ಬೆಲೆಯಾಗಿ ಕೊಡುತ್ತದೆ. ಅಂದರೆ ಅಲ್ಲಿಯ ನಂಬಿಕೆಗೆ ಕ್ರಯವುಂಟು. ಮುಂದೆ ಮೌಗ್ಲಿ ಹಳ್ಳಿಯ ಎಮ್ಮೆಗಳನ್ನು ಕಾಯುವ ಹುಡುಗನಾಗಿ, ಆ ಎಮ್ಮೆಗಳನ್ನೇ ನುಗ್ಗಿಸಿ ಹುಲಿಯನ್ನು ತುಳಿಸಿ ಕೊಲ್ಲುತ್ತಾನೆ. ಗೋವಿನ ಹಾಡನ್ನು ಪಕ್ಕದಲ್ಲಿಟ್ಟು ಇದನ್ನು ಓದಿರಿ. ದನ ಕಾಯುವವನೂ ಇದ್ದಾನೆ, ಹಿಂಡೂ ಇದೆ, ಹುಲಿಯೂ ಇದೆ. ಅಲ್ಲಿ ಹುಲಿ ಗೊರಸಿಗೆ ಸಿಕ್ಕಿ ಸಾಯುತ್ತದೆ. ಇಲ್ಲಿ ನಾಚಿಕೆಗೆ ಸಿಕ್ಕಿ ಸಾಯುತ್ತದೆ. ಮೌಗ್ಲಿಯ ಸಾಹಸವನ್ನು ನಾನು ಹಗುರಮಾಡುತ್ತಿಲ್ಲ. ಹುಡುಗನಾಗಿದ್ದಾಗ ಉಸಿರು ಬಿಗಿಹಿಡಿದು ಓದಿದ ಪುಟಗಳು ಅವು. ಎರಡು ಕಥೆಗಳು ಕೇಳುವ ಪ್ರಶ್ನೆ ಬೇರೆ ಎನ್ನುತ್ತೇನೆ.

ನಮ್ಮ ಮೈಸೂರಿನ ಆರ್. ಕೆ. ನಾರಾಯಣರು 1935ರಲ್ಲಿ ಪ್ರಕಟಿಸಿದ 'ಸ್ವಾಮಿ ಅಂಡ್ ಫ್ರೆಂಡ್ಸ್' ಕಾದಂಬರಿಯಲ್ಲಿ ಇನ್ನೂ ಕಠಿಣವಾದ ಒಂದು ಸತ್ಯವಿದೆ. ಸ್ವಾಮಿ ಶಾಲೆ ಬಿಟ್ಟು ಊರು ಬಿಟ್ಟು ಓಡಿಹೋಗಿ, ಗೆಳೆಯ ರಾಜಂ ಕಾದಿದ್ದ ಕ್ರಿಕೆಟ್ ಪಂದ್ಯಕ್ಕೆ ತಪ್ಪಿಸಿಕೊಳ್ಳುತ್ತಾನೆ. ರಾಜಂ ಊರು ಬಿಡುವ ದಿನ ರೈಲಿನ ಬಳಿಗೆ ಓಡಿ, ಪುಸ್ತಕವೊಂದನ್ನು ಉಡುಗೊರೆಯಾಗಿ ಅವನಿಗೆ ಮುಟ್ಟಿಸುತ್ತಾನೆ. ರೈಲು ಹೊರಡುತ್ತದೆ. ಗೆಳೆಯ ಕ್ಷಮಿಸಿದನೋ ಇಲ್ಲವೋ ಎಂಬುದು ಸ್ವಾಮಿಗೆ ಕೊನೆಗೂ ತಿಳಿಯುವುದಿಲ್ಲ, ನಮಗೂ ತಿಳಿಯುವುದಿಲ್ಲ. ಒಡೆದ ನಂಬಿಕೆ ಕೂಡಿತೇ ಎಂಬ ಪ್ರಶ್ನೆಯೊಡನೆ ಮಗುವನ್ನು ಪ್ಲಾಟ್‌ಫಾರಮ್ಮಿನ ಮೇಲೆ ನಿಲ್ಲಿಸಿ ಪುಸ್ತಕ ಮುಗಿಯುತ್ತದೆ. ಎಷ್ಟೋ ಬಾಲ್ಯಗಳು ಮುಗಿಯುವುದೂ ಹಾಗೆಯೇ.

ಕನ್ನಡದಲ್ಲಿ ಮಕ್ಕಳಿಗೆಂದೇ ಪ್ರತ್ಯೇಕವಾಗಿ ಬರೆಯುವ ಪದ್ಧತಿ ನೆಲೆಯೂರಿದ್ದು ಈಚೆಗೆ. 1921ರಲ್ಲಿ ಪಂಜೆ ಮಂಗೇಶರಾಯರು ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದರು. ಅದೇ ದಶಕದಲ್ಲಿ ಕುವೆಂಪು ಅವರು ಇಂಗ್ಲಿಷಿನ ಬ್ರೌನಿಂಗ್ ಕವಿಯ ಜಾಡು ಹಿಡಿದು 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯನ್ನು ಬರೆದರು. ಶಾಲೆಯ ಮಕ್ಕಳು ಇದನ್ನು ಇಲಿಗಳ ಹಾಡೆಂದು ಕುಣಿದು ಹಾಡುತ್ತಾರೆ. ಆದರೆ ವಿಚಾರಮಾಡಿ ನೋಡಿದರೆ ಅದು ಗೋವಿನ ಹಾಡಿನ ತಲೆಕೆಳಗಾದ ರೂಪ. ಇಲಿಗಳ ಕಾಟ ಕಳೆದರೆ ಹಣ ಕೊಡುವೆನೆಂದು ಊರ ಗೌಡ ಮಾತು ಕೊಡುತ್ತಾನೆ. ಕೆಲಸವಾದ ಮೇಲೆ ತಪ್ಪುತ್ತಾನೆ. ಜೋಗಿ ಊರಿನ ಮಕ್ಕಳನ್ನೇ ಕರೆದುಕೊಂಡು ಬೆಟ್ಟದೊಳಗೆ ಮರೆಯಾಗುತ್ತಾನೆ. ಇಲ್ಲಿ ತಾಯಿಯೊಬ್ಬಳು ಮಾತು ಉಳಿಸಿದ್ದರಿಂದ ಕಂದ ಉಳಿಯಿತು. ಅಲ್ಲಿ ದೊಡ್ಡವರು ಮಾತು ತಪ್ಪಿದ್ದರಿಂದ ಮಕ್ಕಳು ಹೋದರು. ನಂಬಿಕೆ ಗಳಿಸಬೇಕಾದವರು ಮಕ್ಕಳು ಮಾತ್ರ ಎಂದು ತಿಳಿದಿರುವ ನಮ್ಮಂಥ ಹಿರಿಯರು ಈ ಹಾಡನ್ನು ಮಕ್ಕಳಿಗೆ ಕಲಿಸುವ ಮುಂಚೆ ತಾವು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಮತ್ತೆ ಗೋವಿನ ಹಾಡಿಗೆ ಬರುತ್ತೇನೆ. ನಾವೆಲ್ಲ ಪುಣ್ಯಕೋಟಿಯನ್ನೂ ಹುಲಿಯನ್ನೂ ನೋಡುತ್ತೇವೆ. ಕರುವನ್ನು ನೋಡುವವರು ಕಡಿಮೆ. ಆದರೆ ಬೆಳೆಯುವ ಕಥೆ ಆ ಕರುವಿನದು. ಕಡೆಯ ಸಲ ಹಾಲುಣಿಸಿದ ತಾಯಿ ಅದಕ್ಕೆ ಏನು ಹೇಳುತ್ತಾಳೆ? ದೊಡ್ಡ ನೀತಿಯನ್ನಲ್ಲ. ಎಲ್ಲಿ ಮೇಯಬಾರದು, ಯಾರೊಡನೆ ಹೇಗಿರಬೇಕು ಎಂಬ ಬುದ್ಧಿಯ ಮಾತು, ಅಷ್ಟೇ. ಕರು ತಾನಿನ್ನು ಯಾರ ಹಾಲು ಕುಡಿಯಲಿ, ಯಾರ ಬಳಿ ಮಲಗಲಿ ಎಂದು ಕೇಳುತ್ತದೆ. ಆಗ ತಾಯಿ ಕರುವನ್ನು ಬಿಟ್ಟು ಹಿಂಡಿನ ಕಡೆಗೆ ತಿರುಗುತ್ತಾಳೆ. ಇದು ತಬ್ಬಲಿ, ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ, ನಿಮ್ಮದೆಂದು ನೋಡಿಕೊಳ್ಳಿ ಎಂಬ ಅರ್ಥದಲ್ಲಿ ಅಕ್ಕತಂಗಿಯರನ್ನು ಬೇಡಿಕೊಳ್ಳುತ್ತಾಳೆ. ಒಂದು ಸಾಲು ಮಾತಿನಲ್ಲಿ ಮಗುವನ್ನು ಊರಿಗೆ ಒಪ್ಪಿಸಿಬಿಡುತ್ತಾಳೆ.

ಈ ಸನ್ನಿವೇಶ ಕನ್ನಡಿಗರ ಮನಸ್ಸನ್ನು ಬಿಟ್ಟದ್ದೇ ಇಲ್ಲ. ಎಸ್. ಎಲ್. ಭೈರಪ್ಪನವರು 1968ರಲ್ಲಿ ಕಾದಂಬರಿಯೊಂದಕ್ಕೆ 'ತಬ್ಬಲಿಯು ನೀನಾದೆ ಮಗನೆ' ಎಂಬ ಹೆಸರನ್ನು ಇಲ್ಲಿಂದಲೇ ತೆಗೆದುಕೊಂಡರು. ಗಿರೀಶ ಕಾರ್ನಾಡ ಮತ್ತು ಬಿ. ವಿ. ಕಾರಂತರು ಅದನ್ನು 1977ರಲ್ಲಿ ಚಲನಚಿತ್ರ ಮಾಡಿದರು. ಪಶ್ಚಿಮದ ಮಕ್ಕಳ ಕಾದಂಬರಿಗಳಲ್ಲಿ ಮಗು ಸಾಮಾನ್ಯವಾಗಿ ಮನೆ ಬಿಟ್ಟು ಹೊರಟು, ಒಬ್ಬಂಟಿಯಾಗಿ ಪರೀಕ್ಷೆಗಳನ್ನು ಗೆದ್ದು ದೊಡ್ಡದಾಗುತ್ತದೆ. ಜಿಮ್ ಹಾಗೆ, ಪಿನೋಕ್ಯೋ ಹಾಗೆ. ಗೋವಿನ ಹಾಡಿನ ಕರು ಎಲ್ಲಿಗೂ ಹೋಗುವುದಿಲ್ಲ. ಕೊಟ್ಟಿಗೆಯಲ್ಲಿಯೇ ಇದ್ದು, ತನ್ನನ್ನು ಒದೆಯದ ಹತ್ತು ಹಸುಗಳ ನಡುವೆ ಬೆಳೆಯಬೇಕು. ಅದರ ಬೆಳವಣಿಗೆ ಅದೊಂದರ ಸಾಹಸವಲ್ಲ; ಸುತ್ತಲಿನವರ ನಡತೆ.

ಬರದ ಸೀಮೆಯವರಿಗೆ ಈ ಮಾತಿನ ಅರ್ಥ ಬೇಗ ತಿಳಿಯುತ್ತದೆ. ಪಾವಗಡದಲ್ಲಾಗಲಿ ಸಿರಾದಲ್ಲಾಗಲಿ ಮಳೆ ಕೈಕೊಟ್ಟ ವರ್ಷ ತಂದೆತಾಯಿಗಳು ಕೂಲಿಗೆಂದು ಊರು ಬಿಡುತ್ತಿದ್ದರು. ಮಕ್ಕಳು ಅಜ್ಜಿಯ ಬಳಿ, ಚಿಕ್ಕಮ್ಮನ ಬಳಿ, ಕೆಲವೊಮ್ಮೆ ಬರಿಯ ನೆರೆಮನೆಯವರ ಬಳಿ ಉಳಿಯುತ್ತಿದ್ದುವು. ಹೊರಡುವ ತಾಯಿ ಬಾಗಿಲಲ್ಲಿ ನಿಂತು ಪುಣ್ಯಕೋಟಿ ಆಡಿದ ಮಾತನ್ನೇ ಆಡುತ್ತಿದ್ದಳು. ಹಾಡನ್ನು ಅವಳು ಪುಸ್ತಕದಿಂದ ಕಲಿತಿರಬೇಕಾದ ಅಗತ್ಯವಿರಲಿಲ್ಲ. ನನ್ನನ್ನು ಅಜ್ಜಿಯ ಬಳಿ ಬಿಟ್ಟು ಹೋದ ನನ್ನ ತಾಯಿಯೂ ಅಂಥ ಒಬ್ಬಳು.

ಇನ್ನು ಗೊಲ್ಲರ ಮಾತು. ಹಾಡಿನ ಕಾಳಿಂಗ ಕಟ್ಟುಕಥೆಯವನಿರಬಹುದು. ಆದರೆ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಗೊಲ್ಲರಹಟ್ಟಿಗಳಿಲ್ಲದ ದಿಕ್ಕಿಲ್ಲ. ಕಾಡುಗೊಲ್ಲರು ದನ ಕುರಿಗಳನ್ನು ನಂಬಿ ಬದುಕಿದವರು. ಸಿರಾ ತಾಲ್ಲೂಕಿನ ಕಳುವರಹಳ್ಳಿಯ ಬಳಿ ಅವರ ದೈವ ಜುಂಜಪ್ಪನ ಗುಡ್ಡೆಯಿದೆ. ಜುಂಜಪ್ಪ ದನ ಕಾಯ್ದ ವೀರ. ಅವನ ಕಥೆಯನ್ನು ಅವರು ರಾತ್ರಿಯಿಡೀ ಹಾಡುತ್ತಾರೆ. ಜೊತೆಗೆ ಊದುವುದು ಗಣೆ ಎಂಬ ಉದ್ದನೆಯ ಬಿದಿರಿನ ಕೊಳಲನ್ನು. ಮಾವಿನ ಮರದಡಿ ಕೊಳಲನ್ನೂದಿ, ಹಸುಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯುವ ಕಾಳಿಂಗನ ಚಿತ್ರ ನಮಗೆ ಕಾವ್ಯವೆನಿಸುತ್ತದೆ. ಹಟ್ಟಿಯವರಿಗೆ ಅದು ದಿನಚರಿ. ಊರಿನ ಒಕ್ಕಲುಮನೆಗಳವರು ತಮ್ಮ ಕರುಗಳನ್ನು ಅವರ ಬಳಿ ವಾರಕ್ಕೆ ಬಿಡುತ್ತಿದ್ದರು. ಪತ್ರವಿಲ್ಲ, ಸಾಕ್ಷಿಯಿಲ್ಲ. ಕರು ಬೆಳೆದು ಹಸುವಾದ ಮೇಲೆ ಪಾಲು ಹಂಚಿಕೆ. ಹುಲಿಗೂ ಹಸುವಿಗೂ ನಡೆದಂಥ ವ್ಯವಹಾರವೇ ಅದು, ಹುಲಿಯೊಂದಿಲ್ಲ. ಗೋವಿನ ಹಾಡು ಮುಗಿಯುವಾಗ ಪುಣ್ಯಕೋಟಿ ಗೊಲ್ಲನೊಡನೆ ತನ್ನ ವಂಶಕ್ಕೂ ಅವನ ವಂಶಕ್ಕೂ ಸಂಬಂಧಿಸಿದಂತೆ ಸಂಕ್ರಾಂತಿಯ ಪೂಜೆಯ ಒಂದು ಕಟ್ಟಳೆಯನ್ನು ಮಾಡಿಕೊಳ್ಳುತ್ತಾಳೆ. ನಾವು ಸಂಕ್ರಾಂತಿಯ ದಿನ ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕಿಚ್ಚು ಹಾಯಿಸುತ್ತಿದ್ದಾಗ ನನ್ನ ಅಜ್ಜಿ ಅದನ್ನೇ ನೆನೆಯುತ್ತಿದ್ದಳು.

ಈಗ ನನ್ನ ಕರುವಿನ ಕಥೆಯನ್ನು ಮುಗಿಸಬೇಕು. ಮರುದಿನ ಬೆಳಗಿನ ಜಾವ ಹಟ್ಟಿಯ ತಾತನೊಬ್ಬ ಕರುವನ್ನು ಹೆಗಲ ಮೇಲೆ ಹೊತ್ತುಕೊಂಡು ನಮ್ಮ ಬಾಗಿಲಿಗೆ ಬಂದ. ಅವನ ಕುರಿಗಳ ಜೊತೆಗೆ ಸೇರಿ ಅದು ರಾತ್ರಿ ರೊಪ್ಪದಲ್ಲಿ ಬೆಚ್ಚಗೆ ಮಲಗಿತ್ತಂತೆ. ಅಜ್ಜಿ ಅವನಿಗೆ ಎಲೆಅಡಿಕೆ ಕೊಟ್ಟು, ಹರಿದ ಹಗ್ಗವನ್ನು ತೋರಿಸಿ ತನ್ನನ್ನೇ ಹಳಿದುಕೊಂಡಳು. ತಾತ ಹಗ್ಗದ ತುದಿಯನ್ನು ಹೆಬ್ಬೆರಳಿನಿಂದ ಸವರಿ ನೋಡಿ ಸುಮ್ಮನಾದ. ಹೊರಟಾಗ ನಾನು ಅವನ ಹಿಂದೆ ಬೀದಿಯ ತಿರುವಿನವರೆಗೆ ಹೋದೆ. ಅಲ್ಲಿ ನಿಂತು, "ಕಿತ್ತ ಹಗ್ಗ ಬ್ಯಾರೆ, ತಿಕ್ಕಿದ ಹಗ್ಗ ಬ್ಯಾರೆ ಕಣಪ್ಪ. ನಾನು ಯಾರಿಗೂ ಹೇಳಾಕಿಲ್ಲ. ಹೇಳಾದು ನಿಂದು" ಎಂದ. ಹೋಗಿಬಿಟ್ಟ.

ಆ ಮಾತು ನನ್ನನ್ನು ಆರು ವಾರ ಕಾಡಿತು. ನಾನು ಹೇಳಿದರೆ ಅಜ್ಜಿ ಹಗ್ಗ ಕೊಡುವುದಿಲ್ಲ; ಹೇಳದಿದ್ದರೆ ಕೊಡುತ್ತಾಳೆ, ಆದರೆ ಕೊಟ್ಟ ಹಗ್ಗ ಕೈಯನ್ನು ಸುಡುತ್ತದೆ. ಅವಳು ಹೊಸ ನಾರು ತಂದು ಮೊದಲಿನದಕ್ಕಿಂತ ದಪ್ಪವಾದ ಹಗ್ಗವನ್ನು ಹೊಸೆದಿದ್ದಳು. ಅದನ್ನು ಹಿಡಿದು ದಿನವೂ ಕೆರೆಯ ಅಂಗಳಕ್ಕೆ ಹೋಗುತ್ತಿದ್ದೆ, ಆಟಕ್ಕೆ ಸೇರುತ್ತಿರಲಿಲ್ಲ. ನಡತೆ ಸರಿಯಾಯಿತು, ನಿಜ. ಆದರೆ ನಡತೆ ಸರಿಯಾದ ಮಾತ್ರಕ್ಕೆ ಹಳೆಯ ಸುಳ್ಳು ಕರಗುವುದಿಲ್ಲವೆಂದು ಒಂಬತ್ತು ವರ್ಷದವನಿಗೂ ತಿಳಿಯುತ್ತದೆ. ಸಂಕ್ರಾಂತಿಯ ಸಂಜೆ, ಕಿಚ್ಚು ಹಾಯಿಸಿ ಬಂದ ದನಗಳನ್ನು ಕಟ್ಟುತ್ತಿದ್ದಾಗ ಹೇಳಿಬಿಟ್ಟೆ.

ಅಜ್ಜಿ ಬಹಳ ಹೊತ್ತು ಮಾತನಾಡಲಿಲ್ಲ. ನನ್ನ ಕೈಯಿಂದ ಹಗ್ಗವನ್ನು ತೆಗೆದುಕೊಂಡು ಗೂಟಕ್ಕೆ ಸುತ್ತಿದಳು. ಮರುದಿನದಿಂದ ನನ್ನ ಪಾಲಿಗೆ ಬಂದದ್ದು ಸಗಣಿಯ ಪುಟ್ಟಿ. ಕರುವನ್ನು ಅವಳೇ ಹೊಡೆದುಕೊಂಡು ಹೋಗುತ್ತಿದ್ದಳು, ಸೊಂಟ ನೋಯುತ್ತಿದ್ದರೂ. ಅದನ್ನು ನೋಡುವುದು ಹೊಡೆತಕ್ಕಿಂತ ಕಷ್ಟವಾಗಿತ್ತು. ಬೇಸಿಗೆ ಕಳೆಯಿತು. ಮುಂಗಾರಿನ ಮೊದಲ ಮಳೆ ಬಿದ್ದ ವಾರ ಒಂದು ಕಂತೆ ಕತ್ತಾಳೆಯ ನಾರನ್ನು ನನ್ನ ಮುಂದೆ ಹಾಕಿ, "ನೀನೇ ಹೊಸಿ" ಎಂದಳು. ತೊಡೆಯ ಮೇಲೆ ನಾರು ಹೊಸೆದು ಹೊಸೆದು ಚರ್ಮ ಕೆಂಪಾಯಿತು. ಮೂರು ದಿನ ಹಿಡಿಯಿತು. ಹಗ್ಗ ಅಷ್ಟೇನೂ ಚೆಂದವಾಗಿರಲಿಲ್ಲ. ಒಂದು ಕಡೆ ದಪ್ಪ, ಒಂದು ಕಡೆ ತೆಳು. ಅಜ್ಜಿ ಎರಡು ಕೈಯಲ್ಲೂ ಹಿಡಿದು ಜಗ್ಗಿ ನೋಡಿ, ಕರುವಿನ ಕತ್ತಿಗೆ ಕುಣಿಕೆ ಹಾಕಿ, ತುದಿಯನ್ನು ನನ್ನ ಕೈಗೆ ಕೊಟ್ಟಳು.

ಇವೆಲ್ಲ ಈಗ ಹಳೆಯ ಮಾತು. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ದನ ಮೇಯುತ್ತಿದ್ದ ನೆಲದ ಮೇಲೆ ಈಗ ಸಾವಿರಾರು ಎಕರೆ ಸೂರ್ಯಶಕ್ತಿಯ ಫಲಕಗಳು ಹೊಳೆಯುತ್ತವೆ. ನಮ್ಮೂರ ಕೊಟ್ಟಿಗೆಗಳಲ್ಲಿ ನಾರಿನ ಹಗ್ಗವಿಲ್ಲ. ನೈಲಾನಿನದು ಅಂಗಡಿಯಲ್ಲಿ ಸಿಗುತ್ತದೆ, ಕಲ್ಲಿಗೆ ತಿಕ್ಕಿದರೂ ಬೇಗ ಹರಿಯುವುದಿಲ್ಲ. 2020ರಲ್ಲಿ ಪುಣ್ಯಕೋಟಿ ಸಂಸ್ಕೃತದ ಆನಿಮೇಷನ್ ಚಿತ್ರವಾಗಿಯೂ ಬಂದಳು. ಹಾಡು ಉಳಿದಿದೆ. ಮಕ್ಕಳ ಕೈಗೆ ಕೊಡುವ ಹಗ್ಗ ಯಾವುದು ಎಂಬ ಪ್ರಶ್ನೆಯೂ ಉಳಿದಿದೆ. ಪೇಟೆಯ ನಮ್ಮ ಮನೆಗಳಲ್ಲಿ ಮಕ್ಕಳಿಗೆ ಬೇಕಾದ್ದನ್ನೆಲ್ಲ ಕೊಡುತ್ತೇವೆ. ಕಳೆದುಹೋದರೆ ಮನೆಯವರೆಲ್ಲ ಲಾಟೀನು ಹಿಡಿದು ಹುಡುಕಬೇಕಾದಂಥ ಒಂದನ್ನೂ ಕೊಡುವುದಿಲ್ಲ.

ಮೊಮ್ಮಗಳಿಗೆ ಇದನ್ನೆಲ್ಲ ಹೇಳಿದೆ. ಜಿಮ್ ಏಕೆ ಓಡಿಹೋಗಲಿಲ್ಲವೆಂಬುದಕ್ಕೆ ಇದು ಉತ್ತರವಾಯಿತೋ ಇಲ್ಲವೋ. ಅವಳು ಪುಸ್ತಕವನ್ನು ಮಡಿಚಿಟ್ಟು ಕೇಳಿದ್ದು ಒಂದೇ: "ಆಮೇಲೆ ಆ ಕರು ಏನಾಯ್ತು ತಾತ?"

"ಬೆಳೀತು ಕಣಮ್ಮ" ಎಂದೆ. "ಹಸುವಾಯ್ತು. ನಾಲ್ಕು ಕರು ಹಾಕ್ತು. ಒಂದನ್ನ ಹಟ್ಟಿಯ ತಾತನಿಗೆ ವಾರಕ್ಕೆ ಬಿಟ್ಟೆವು."